ಎರಡು ಮೇಜಿಗೆ ಒಂದೇ ಮಟ್ಟ

ನನಗೊಂದು ಕೆಟ್ಟ ಚಟವಿದೆ. ಯಾವ ವಸ್ತು ಕಂಡರೂ ಒಂದು ಕಣ್ಣು ಮುಚ್ಚಿ ಅದು ನೆಟ್ಟಗಿದೆಯೇ ಎಂದು ನೋಡುತ್ತೇನೆ. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಆಯುಷ್ಯ ಸವೆಸಿದವನಿಗೆ ಪಿಂಚಣಿಯ ಜೊತೆಗೇ ಬಂದ ಕಾಯಿಲೆ ಇದು. ಒಮ್ಮೆ ಮದುವೆಯಲ್ಲಿ ಮಂಟಪದ ಕಂಬವನ್ನು ಹೀಗೆ ನೋಡುತ್ತಿದ್ದಾಗ ಎದುರಿಗಿದ್ದ ಹೆಣ್ಣುಮಗಳೊಬ್ಬರು ಸೆರಗು ಸರಿಮಾಡಿಕೊಂಡು ಎದ್ದೇ ಹೋದರು. ಅಂದಿನಿಂದ ನನ್ನ ಹೆಂಡತಿ ಸುಮಿತ್ರಾ ನನ್ನನ್ನು ಗೋಡೆಗೆ ಮುಖ ಮಾಡಿ ಕೂಡಿಸುತ್ತಾಳೆ. ಈಗಿನ ಗೋಡೆಗಳೂ ನೆಟ್ಟಗಿರುವುದಿಲ್ಲ, ಆ ಮಾತು ಬೇರೆ.

ಇಂಥವನ ಕೈಗೆ ಮರ ಹೆರೆಯುವ ರಂದಾ ಮಷೀನು ಸಿಕ್ಕಿತು. ನಗರದಂಚಿನ ನಮ್ಮ ಮಿಯಾಪುರದಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಅಪಾರ್ಟ್‌ಮೆಂಟು ಏಳುತ್ತಿದ್ದ ಕಾಲ ಅದು. ಹಿಂದಿನ ಬೀದಿಯ ಬಡಗಿ ತನ್ನ ಶೆಡ್ಡನ್ನು ಬಿಲ್ಡರಿಗೆ ಬಿಟ್ಟು ಹೋಗುವಾಗ ಈ ಮಷೀನನ್ನು ನನಗೆ ದಾಟಿಸಿದ. ಅದಕ್ಕೆ ಎರಡು ಕಬ್ಬಿಣದ ಮೇಜು, ನಡುವೆ ಗರಗರ ತಿರುಗುವ ಅಲಗು. ಹಲಗೆಯನ್ನು ಈ ಮೇಜಿನಿಂದ ಆ ಮೇಜಿಗೆ ನೂಕಿದರೆ ಅಂಚು ನೆಟ್ಟಗಾಗಬೇಕು. ಮೊದಲನೆಯ ಮೇಜು ಒಂದು ಸಲ ಹೆರೆಯುವಷ್ಟು ತಗ್ಗಿನಲ್ಲಿರುತ್ತದೆ. ಇರಲಿ, ಆದರೆ ಎರಡೂ ಓರೆಯಾಗದೆ ಒಂದಕ್ಕೊಂದು ಸಮಾನಾಂತರವಾಗಿ ಮಲಗಿರಬೇಕು. ಒಂದರ ತುದಿ ಜೋತುಬಿದ್ದರೂ ಹಲಗೆಯ ಅಂಚು ಬಾಗುತ್ತದೆ, ಎರಡು ಹಲಗೆ ಜೋಡಿಸಿದರೆ ನಡುವೆ ಸಂದು. ಇದನ್ನು ದಾಂಪತ್ಯಕ್ಕೆ ಹೋಲಿಸಿ ಎರಡು ಮಾತು ಉಪದೇಶಿಸಬಹುದಿತ್ತು. ಮನೆಯಲ್ಲಿ ಕೇಳುವವರಿಲ್ಲ.

ಮಷೀನು ಬೇಕಾದದ್ದು ಊಟದ ಮೇಜಿಗಾಗಿ. ಸುಮಿತ್ರಾಳಿಗೆ ಮೊಣಕಾಲು ನೋವು, ಡಾಕ್ಟರು ನೆಲದ ಮೇಲೆ ಕೂಡಲೇಬೇಡಿ ಎಂದಿದ್ದರು. ಕೊಂಡಾಪುರದ ಅಂಗಡಿಯಿಂದ ಒಂದು ಮೇಜು ತರೋಣ, ಎರಡು ದಿನದ ಮಾತು ಎಂದಳು.

“ಅದು ಕಟಗಿ ಅಲ್ಲ, ಹೊಟ್ಟು ಒತ್ತಿದ್ದು. ಸಾಫ್ಟ್‌ವೇರ್ ಹುಡುಗರಿಗೆ ಸಾಕದು. ನಾ ಒಂದು ವಾರದಾಗ ಮಾಡಿ ಕೊಡ್ತೀನಿ ನೋಡು,” ಎಂದೆ.

ಮೂರು ವಾರವಾಯಿತು. ಊಟದ ಮೇಜಿನ ಕಾಲು ನಾಲ್ಕೂ ತಯಾರು, ಹಲಗೆಗಳು ಮಾತ್ರ ಒಂದಕ್ಕೊಂದು ಕೂಡಲೊಲ್ಲವು. ನಿವೃತ್ತಿಯ ದಿನ ಗೆಳೆಯರು ಶಾಲಿನಲ್ಲಿ ಸುತ್ತಿ ಕೊಟ್ಟ, ನೇರ ನೋಡುವ ಉಕ್ಕಿನ ಪಟ್ಟಿಯೊಂದು ನನ್ನಲ್ಲಿತ್ತು. ಅದನ್ನು ಮಷೀನಿನ ಎರಡು ಮೇಜಿನ ಮೇಲೂ ಅಡ್ಡವಿಟ್ಟು, ತಗ್ಗು ಕಂಡಲ್ಲಿ ಹಿತ್ತಾಳೆಯ ತೆಳು ತಗಡು ಸೇರಿಸುತ್ತ ಹೋದೆ. ಪಟ್ಟಿ ಶಹಬ್ಬಾಸ್ ಎನ್ನುತ್ತಿತ್ತು, ಹಲಗೆ ಛೀ ಎನ್ನುತ್ತಿತ್ತು. ನಾನು ಪಟ್ಟಿಯನ್ನೇ ನಂಬಿದೆ.

ಒಂದು ಮಧ್ಯಾಹ್ನ ಊಟ ಮಾಡಿ ಮಷೀನಿಗೆ ಮರಳಿದವನು ನೀರಿಗೆಂದು ಅಡುಗೆಮನೆಗೆ ಹೋದೆ. ಸುಮಿತ್ರಾ ಒಲೆಕಟ್ಟೆಯ ಮೇಲೆ ತಾಟಿಟ್ಟುಕೊಂಡು, ಎಡಗೈ ಊರಿ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು, ನಿಂತೇ ಉಣ್ಣುತ್ತಿದ್ದಳು.

“ಅಲ್ಲ, ನಿಂತು ಯಾಕ ಉಣ್ಣಾಕತ್ತಿ? ಕುರ್ಚಿ ಇಲ್ಲೇನು?”

“ತಾಟು ತೊಡಿ ಮ್ಯಾಲೆ ಇಟ್ಕೊಂಡು ಉಂಡ ರೂಢಿ ನಂಗಿಲ್ರಿ. ನಿಮ್ಮ ಮಷೀನು ಮಟ್ಟಕ್ಕ ಬರ್ಲಿ ಅಂತ ಕಾಯಾಕತ್ತೀನಿ. ಮೂರು ವಾರ ಆತು.”

ಮೊದಲು ಉಂಡು ಎದ್ದು ಹೋಗುವ ಗಂಡಸು ನಾನು. ಆಮೇಲೆ ಅವಳು ಹೇಗೆ ಉಣ್ಣುತ್ತಾಳೆಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬಹಳ ನಾಚಿಕೆಯಾಯಿತು. ನಾಚಿಕೆಯಾದಾಗ ಸಿಟ್ಟು ಮಾಡುವುದು ನಮ್ಮ ಮನೆತನದ ಪದ್ಧತಿ, ಹೋಗಿ ಮಷೀನಿಗೆ ಬೈದೆ.

ಹಿಂದೆಯೇ ಕುಂಟುತ್ತ ಬಂದವಳು ಕೇಳಿದಳು: “ಆ ಪಟ್ಟಿ ನೆಟ್ಟಗ ಐತಿ ಅಂತ ಹೇಳಿದವರು ಯಾರ್ರಿ?”

“ಏ, ಅದು ನನ್ನ ಪಟ್ಟಿ!”

“ಅದಕ್ಕ ಕೇಳಿದ್ದು.”

ಹೂ ಕಟ್ಟುವ ದಾರ ತಂದು ಒಂದು ತುದಿ ನನ್ನ ಕೈಗೆ ಕೊಟ್ಟಳು. ಪಟ್ಟಿಯನ್ನು ಮಲಗಿಸಿ, ಅಂಚಿನುದ್ದಕ್ಕೂ ದಾರವನ್ನು ಬಿಗಿಯಾಗಿ ಎಳೆದು ಹಿಡಿದೆವು. ಎರಡು ತುದಿಗೆ ತಾಗಿದ ದಾರ ನಡುವೆ ತಾಗಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸ್ ಬಿಡುವಾಗ ಆ ಪಟ್ಟಿ ಲಾರಿಯಿಂದ ಬಿದ್ದದ್ದು ನನಗೆ ಗೊತ್ತಿತ್ತು. ಸನ್ಮಾನದ ವಸ್ತು, ಪರೀಕ್ಷೆ ಮಾಡಲು ಮನಸ್ಸಾಗಿರಲಿಲ್ಲ. ಇದಕ್ಕಿಂತ ಸಣ್ಣ ತಪ್ಪಿಗೆ ಎಷ್ಟು ಜನರ ಕೆಲಸವನ್ನು ಬೇಡವೆಂದು ತಿರುಗಿಸಿದ್ದೆನೋ! ಹಿಂದೆ ದೇವಾಲಯ ಕಟ್ಟುವವನನ್ನು ಸೂತ್ರಧಾರಿ ಎನ್ನುತ್ತಿದ್ದರು, ದಾರ ಹಿಡಿದವನು ಎಂದು. ದಾರಕ್ಕೆ ತನ್ನದೆಂಬ ಬಿಗುಮಾನವಿಲ್ಲ, ಎಳೆದರೆ ನೆಟ್ಟಗಾಗುತ್ತದೆ, ಅಷ್ಟೆ.

ಸಂಜೆಯೊಳಗೆ ಅದೇ ದಾರ ಹಿಡಿದು ಮಷೀನಿನ ಎರಡು ಮೇಜನ್ನೂ ಹೊಂದಿಸಿದೆವು. ಹೊಸದಾಗಿ ಹೆರೆದ ಹಲಗೆಗಳನ್ನು ಜೋಡಿಸಿ ಬೆಳಕಿಗೆ ಹಿಡಿದಾಗ ಒಂದು ಕಡೆ ಕೂದಲೆಳೆಯಷ್ಟು ಬೆಳಕು ಕಂಡಿತು. ಕಾರ್ಖಾನೆಯಲ್ಲಾಗಿದ್ದರೆ ಪಾಸು ಮಾಡುತ್ತಿರಲಿಲ್ಲ. ಅಂಟು ಹಚ್ಚಿ ಬಿಗಿದುಬಿಟ್ಟೆ.

ಮರುದಿನ ಅವಳನ್ನೇ ಮೊದಲು ಮೇಜಿಗೆ ಕೂಡಿಸಿ ನಾನು ಬಡಿಸಿದೆ. ಒಂದು ರೊಟ್ಟಿ ಉಂಡು ಇನ್ನೊಂದು ಕೇಳಿದಳು. ಆಮೇಲೆ ಮತ್ತೊಂದು.

“ಇಷ್ಟು ದಿನ ಎಷ್ಟು ಉಣ್ತಿದ್ದಿ?” ಎಂದೆ.

“ಒಂದ ರೊಟ್ಟಿ. ಅಷ್ಟರಾಗ ಕಾಲು ಸಾಕು ಅಂತಿತ್ತು.”

ಕೂದಲೆಳೆಯ ಸಂದು ಕಂಡ ಕಣ್ಣಿಗೆ ಮೂರು ವಾರದ ಈ ಕೊರತೆ ಕಂಡಿರಲಿಲ್ಲ. ತಲೆ ತಗ್ಗಿಸಿ ಮೂರನೆಯ ರೊಟ್ಟಿಗೆ ಬೆಣ್ಣೆ ಹಚ್ಚತೊಡಗಿದೆ. ಅವಳು ಬಗ್ಗಿ ನೋಡಿದಳು.

“ಅಂಚಿನತನಕ ಹಚ್ರಿ,” ಎಂದಳು.