ಕೈ ಮಾತ್ರ ಸಾಕು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಧಾರಾವಾಹಿಯ ನಾಯಕಿಯನ್ನು ದಿನಾ ಬೆಳಿಗ್ಗೆ ಕಪ್ಪಾಗಿಸುವುದು ಅವಳ ಕೆಲಸ. ಕಥೆಯ ಹುಡುಗಿ ಕಪ್ಪು. ಆ ಬಣ್ಣಕ್ಕಾಗಿಯೇ ಗಂಡನ ಮನೆಯಲ್ಲಿ ಮೂದಲಿಕೆ ಕೇಳಿಸಿಕೊಳ್ಳುವವಳು. ಪಾತ್ರ ಮಾಡುವ ಹುಡುಗಿಯೋ, ಮುಟ್ಟಿದರೆ ಕೆಂಪಾಗುವಷ್ಟು ಬಿಳುಪು. ಬಣ್ಣದಕ್ಕ ತಟ್ಟೆಯಲ್ಲಿ ಕಂದು, ಕಪ್ಪು, ಚೂರು ಹಳದಿ ಕಲಸಿ ಮೊದಲು ತನ್ನ ಮುಂಗೈಗೆ ಒಂದು ಬೊಟ್ಟು ಇಟ್ಟು ನೋಡುತ್ತಿದ್ದಳು. ಬೊಟ್ಟು ಎಲ್ಲಿದೆಯೆಂದು ಕಾಣದಂತಾದರೆ ಹದ ಬಂತೆಂದು ಅರ್ಥ.

"ಅಕ್ಕಾ, ಕಿವಿ ಹಿಂದೆ ಬಿಟ್ಟುಬಿಡ್ಬೇಡಿ. ಮೊನ್ನೆ ಬೆಳ್ಳಗೆ ಕಾಣ್ತಿತ್ತಂತೆ, ನೋಡಿದವ್ರು ನಗಾಡಿದ್ದಾರೆ" ಎನ್ನುತ್ತಿದ್ದಳು ನಾಯಕಿ. ಒಳ್ಳೆಯ ಹುಡುಗಿ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಬಣ್ಣದಕ್ಕನಿಗೆ ಕಾರಣವೇ ಸಿಗುತ್ತಿರಲಿಲ್ಲ.

ಬಣ್ಣದಕ್ಕ ಚಿಕ್ಕವಳಿದ್ದಾಗ ಪುಸ್ತಕದ ಹುಚ್ಚು ಹಿಡಿಸಿಕೊಂಡವಳು. ಗ್ರಂಥಾಲಯದಿಂದ ತಂದ ಕಾದಂಬರಿಗಳ ನಾಯಕಿಯರು ಒಬ್ಬರಿಗಿಂತ ಒಬ್ಬರು ಬೆಳ್ಳಗಿರುತ್ತಿದ್ದರು. ಕಪ್ಪು ಹುಡುಗಿ ಬಂದರೆ ಅವಳು ನಾಯಕಿಯ ಗೆಳತಿ, ಇಲ್ಲವೇ ಕೆಲಸದವಳು. ಒಮ್ಮೆ ಮಾತ್ರ ಒಬ್ಬಳು ಸಿಕ್ಕಿದ್ದಳು: ಕಪ್ಪಾದರೂ ಲಕ್ಷಣವಾಗಿದ್ದಳು ಎಂದು ಬರೆದಿತ್ತು. ಆ ಪುಟವನ್ನು ಓದಿ ಮೊದಲು ಖುಷಿಪಟ್ಟು, ಸ್ವಲ್ಪ ಹೊತ್ತಿಗೆ ಪುಸ್ತಕ ಮುಚ್ಚಿಟ್ಟಿದ್ದಳು. ಸಿನಿಮಾಗಳಲ್ಲಿ ಅವಳಂಥ ಕಪ್ಪು ಹುಡುಗಿಯರು ಬಂದ ಕೂಡಲೇ ಜನ ನಗುತ್ತಿದ್ದರು. ಕತ್ತಲಲ್ಲಿ ಕೂತು ಅವಳೂ ನಕ್ಕಿದ್ದಳು.

ಈಗ ಮನೆಯಲ್ಲಿ ಅತ್ತೆ ಈ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

"ಬಣ್ಣ ಕಪ್ಪಾದ್ರೇನೇ, ಮನಸ್ಸು ಚಿನ್ನ ಕಣೆ ಆ ಹುಡುಗೀದು!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಅತ್ತೆ, ಆ ಮಾತು ನಂಗೆ ಒಂದಿನಾನೂ ಹೇಳ್ಲಿಲ್ವಲ್ಲ ನೀವು?"

"ನೀನೇನು ಟೀವೀಲಿ ಬರ್ತೀಯಾ?"

ಮೊಮ್ಮಗಳು ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. "ನಾನು ಬರ್ತೀನಿ ನೋಡ್ತಾ ಇರಿ ಅಜ್ಜಿ. ಆಗ ನಂಗೋಸ್ಕರಾನೂ ಅಳ್ಬೇಕು ನೀವು."

ಪುಟ್ಟಿ ತಮಾಷೆಗೆ ಹೇಳುತ್ತಿರಲಿಲ್ಲವೆಂದು ತಾಯಿಗೆ ಗೊತ್ತಿತ್ತು. ಕಾಲೇಜಿನ ನಾಟಕಗಳಲ್ಲಿ ಅವಳದು ಯಾವಾಗಲೂ ಮುದುಕಿಯ ಪಾತ್ರ, ಇಲ್ಲವೇ ಮಾಟಗಾತಿಯದು. ಆದರೂ ನಾಯಕಿಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಬಚ್ಚಲಿನ ಬಾಗಿಲು ಹಾಕಿಕೊಂಡು ಹೇಳುತ್ತಿದ್ದಳು. ಈ ಧಾರಾವಾಹಿ ಶುರುವಾದ ಮೇಲೆ ಆ ಆಸೆ ಇನ್ನಷ್ಟು ಬೆಳೆದಿತ್ತು. ಕಪ್ಪು ಹುಡುಗಿಯ ಕಥೆಯಲ್ಲವೇ, ಯಾವುದೋ ಒಂದು ಮೂಲೆಯಲ್ಲಿ ತನಗೂ ಜಾಗವಿದ್ದೀತು.

ಒಂದು ದಿನ ನಾಯಕಿ ಪಾತ್ರೆ ತೊಳೆಯುತ್ತಾ ಅಳುವ ದೃಶ್ಯ. ನಲ್ಲಿ ಬಿಟ್ಟದ್ದೇ ತಡ, ಕೈಯ ಬಣ್ಣವೆಲ್ಲ ಕಿತ್ತುಕೊಂಡು ಹೋಯಿತು. ಬಿಳಿ ತಟ್ಟೆಯ ತುಂಬ ಕಂದು ನೀರು. ಎಷ್ಟು ಸಲ ಹಚ್ಚಿದರೂ ಅದೇ ಪಾಡು. ನಿರ್ದೇಶಕರು ಕುರ್ಚಿ ಒದ್ದು ಎದ್ದರು. ಮ್ಯಾನೇಜರು ಬಣ್ಣದಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕಾ, ನಿಮ್ಮ ಮಗಳೂ ನಿಮ್ಮ ಬಣ್ಣಾನೇ ಅಲ್ವಾ? ನಾಳೆ ಕರ್ಕೊಂಡ್ ಬನ್ನಿ."

ಅವಳು ಕೈಯಲ್ಲಿದ್ದ ಬಣ್ಣದ ತಟ್ಟೆ ಕೆಳಗಿಟ್ಟಳು. "ಪಾತ್ರಾನಾ?"

"ಅಯ್ಯೋ, ಪಾತ್ರ ಎಲ್ಲಿಂದ ತರ್ಲಿ? ಕೈ ಮಾತ್ರ ಸಾಕು. ನಿಮ್ಮದೇ ಆಗ್ತಿತ್ತು, ಆದ್ರೆ ವಯಸ್ಸಾಗಿದೆ ನೋಡಿ ಕೈಗೆ."

ಇದ್ದದ್ದನ್ನು ಇದ್ದ ಹಾಗೇ ಹೇಳಬೇಕೆಂದುಕೊಂಡೇ ಅವಳು ಮನೆ ಸೇರಿದಳು. "ನಾಳೆ ನಿನ್ನ ಕರೆದಿದ್ದಾರೆ ಪುಟ್ಟಿ" ಎಂದಳು. ಉಳಿದ ಮಾತು ಬಾಯಿಗೆ ಬರುವುದರೊಳಗೆ ಮಗಳು ಅಜ್ಜಿಯನ್ನು ತಬ್ಬಿಕೊಂಡಾಗಿತ್ತು, ಅಜ್ಜಿ ಪಕ್ಕದ ಮನೆಯ ಬಾಗಿಲು ಬಡಿದಾಗಿತ್ತು. ಆ ಸಂಭ್ರಮದ ನಡುವೆ ಅವಳು, ನಾಳೆ ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡಳು. ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆಯಿಟ್ಟು, ತುಟಿ ಮಾತ್ರ ಅಲ್ಲಾಡಿಸುತ್ತಾ ಯಾವುದೋ ಮಾತು ಅಭ್ಯಾಸ ಮಾಡುತ್ತಿದ್ದಳು. ತಾಯಿ ರಸ್ತೆ ನೋಡುತ್ತಾ ಕೂತಳು.

ಬಣ್ಣದ ಕೋಣೆಯಲ್ಲಿ ಪುಟ್ಟಿ ಕನ್ನಡಿಯ ಮುಂದೆ ಕೂತಳು. ಆಗಲಾದರೂ ಹೇಳಬಹುದಿತ್ತು. ಬಣ್ಣದಕ್ಕ ಹೇಳಲಿಲ್ಲ. ಸ್ಪಂಜು ತೆಗೆದುಕೊಂಡಳು. ಮಗಳ ಹಣೆ ಒರೆಸಿದಳು, ಹುಬ್ಬು ತಿದ್ದಿದಳು, ಕಣ್ಣಿಗೆ ಕಪ್ಪು ಎಳೆದಳು. ತುಟಿಗೆ ಯಾವ ಬಣ್ಣ ಒಪ್ಪುತ್ತದೆಂದು ಮೂರ್ನಾಲ್ಕು ಡಬ್ಬಿ ತೆರೆದು ನೋಡಿದಳು. ಇಷ್ಟು ವರ್ಷ ಬೇರೆಯವರ ಮುಖ ಮಾಡಿದವಳು ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಪುಟ್ಟಿ ಕಣ್ಣು ತೆರೆದು ಕನ್ನಡಿ ನೋಡಿದಳು. ನಕ್ಕಳು.

ಮ್ಯಾನೇಜರು ಬಾಗಿಲಲ್ಲಿ ಇಣುಕಿದ. "ಏನಕ್ಕಾ ಇದು? ಮುಖಕ್ಕ್ಯಾಕೆ ಹಚ್ಚಿದ್ರಿ? ಕೈ ಮಾತ್ರ ಅಂದಿದ್ನಲ್ಲ! ಬಾಮ್ಮಾ ಬೇಗ, ಲೈಟು ಹಾಕಿ ಕಾಯ್ತಿದ್ದಾರೆ."

ಪುಟ್ಟಿ ಕನ್ನಡಿಯೊಳಗಿಂದಲೇ ತಾಯಿಯನ್ನು ನೋಡಿದಳು. ಆಮೇಲೆ ಎದ್ದು ಹೋದಳು.

ಕ್ಯಾಮೆರಾವನ್ನು ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಗ್ಗಿಸಿದ್ದರು. ನಾಯಕಿಯ ರವಿಕೆ ತೊಡಿಸಿ ಪುಟ್ಟಿಯನ್ನು ತೊಟ್ಟಿಯ ಮುಂದೆ ನಿಲ್ಲಿಸಿದರು. "ತಲೆ ಹಿಂದಕ್ಕೆ ತಗೋಮ್ಮಾ, ನೆರಳು ಬೀಳ್ತಿದೆ. ಇನ್ನೂ ಹಿಂದೆ." ನೀರು ಬಿತ್ತು. "ಅಳ್ತಿರೋ ಹೆಂಗಸಿನ ಕೈ ಅದು, ಸ್ವಲ್ಪ ನಡುಗ್ಲಿ" ಎಂದರು ನಿರ್ದೇಶಕರು. ನೋಡಿ, "ಆಹಾ, ಹಾಗೇ! ಆಗ್ಲೇ ನಡುಗಿಸ್ತಿದ್ದಾಳಲ್ಲ, ಹೇಳೋದೇ ಬೇಡ" ಎಂದು ಮೆಚ್ಚಿದರು.

ವಾಪಸು ಬರುವಾಗ ಪುಟ್ಟಿ ಕೇಳಿದ್ದು ಒಂದೇ: "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಅಜ್ಜಿಗೆ ನೀನೇ ಹೇಳು."

ಅದನ್ನೂ ಅವಳು ಹೇಳಲಿಲ್ಲ. ಆ ಸಂಚಿಕೆ ಬಂದ ಸಂಜೆ ಪುಟ್ಟಿ ಗೆಳತಿಯ ಮನೆಗೆ ಹೋಗಿಬಿಟ್ಟಳು. ಅತ್ತೆ ಪಕ್ಕದ ಮನೆಯವಳನ್ನೂ ಕರೆದು ಕೂರಿಸಿಕೊಂಡಿದ್ದರು. ತೊಟ್ಟಿ ಬಂತು, ನೀರು ಬಂತು, ನಡುಗುವ ಕೈಗಳು ಬಂದವು. "ಪಾಪ, ಹೇಗೆ ನಡುಗ್ತಿದೆ ನೋಡೇ ಆ ಹುಡುಗಿ ಕೈ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಜಾಹೀರಾತು ಬಂತು, ಕಥೆ ಮುಗಿಯಿತು.

"ಎಲ್ಲೇ ನಮ್ಮ ಪುಟ್ಟಿ? ಬರ್ಲೇ ಇಲ್ವಲ್ಲ?"

"ಬಂದ್ಲು ಅತ್ತೆ. ನೀವು ಅತ್ತಿರಲ್ಲ, ಆಗ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಮನೆಯವಳು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಎದ್ದಳು. ಅವಳು ಹೋದ ಮೇಲೆ ಅತ್ತೆ, "ಮುಖ ಒಂಚೂರಾದ್ರೂ ತೋರಿಸ್ಬಾರ್ದಿತ್ತೇನೇ?" ಎಂದರು, ಯಾರನ್ನು ಕೇಳುತ್ತಿದ್ದಾರೆಂದು ತಮಗೇ ತಿಳಿಯದವರಂತೆ.

ಮರುದಿನ ಮ್ಯಾನೇಜರನ ಫೋನು ಬಂತು. ನಾಯಕಿ ಬಟ್ಟೆ ಒಗೆಯುವ ದೃಶ್ಯವಂತೆ. ಬರುವುದಿಲ್ಲ ಎಂದುಬಿಡೋಣವೆಂದುಕೊಂಡೇ ಬಣ್ಣದಕ್ಕ ಮಗಳ ಮುಖ ನೋಡಿದಳು.

"ಬರ್ತೀನಿ ಅನ್ನು" ಎಂದಳು ಪುಟ್ಟಿ, ಜಡೆ ಹೆಣೆದುಕೊಳ್ಳುತ್ತಾ. "ಈ ಸಲ ಮುಖಕ್ಕೆ ಏನೂ ಹಚ್ಬೇಡ ಅಮ್ಮಾ. ತೊಳ್ಕೊಳ್ಳೋಕೆ ಸುಮ್ನೆ ಹೊತ್ತಾಗುತ್ತೆ."