ನಾನು ಹರಿದಿಟ್ಟುಕೊಂಡ ಹದಿನೆಂಟನೇ ಪುಟ

ನಾನು ಇಂಗ್ಲಿಷ್ ಓದಿ ಸುಳ್ಳು ಹೇಳಿದೆ. ಪುಸ್ತಕದಲ್ಲಿ ಇದ್ದದ್ದು ಒಂದು, ನಾನು ಕನ್ನಡದಲ್ಲಿ ಹೇಳಿದ್ದು ಇನ್ನೊಂದು. ಕೇಳಿಸಿಕೊಂಡವಳು ದಿಲ್‌ಶಾದ್ — ತರೀಕೆರೆಯಲ್ಲಿ ನಮ್ಮ ಎದುರು ಮನೆಯವಳು, ನನ್ನ ಗೆಳತಿ. ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ — ಆ ಬೀದಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ. ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಅದೊಂದು ವಿಡಿಯೋ ಗೇಮಿನ ವಿಷಯ. ನಗಿ. ನಾನೂ ನಕ್ಕು ನಕ್ಕೇ ಇದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಬಿ.ಎ. ಮುಗಿದು ಮನೆಯಲ್ಲಿ ಗಂಡು ನೋಡುತ್ತಿದ್ದರು. ಅಜ್ಜಂಪುರದಿಂದ ಒಬ್ಬರು, ಕಡೂರಿನಿಂದ ಇಬ್ಬರು ಬಂದು, ಉಪ್ಪಿಟ್ಟು ತಿಂದು, “ತಿಳಿಸ್ತೀವಿ” ಅಂತ ಹೇಳಿ ಹೋಗಿದ್ದರು. ನಾನು ಸುಮ್ಮನೆ ಕೂತಿದ್ದೆ — ಕಲಿತ ಇಂಗ್ಲಿಷಿಗೆ ಆ ಊರಿನಲ್ಲಿ ಯಾವ ಯೂಸೂ ಇಲ್ಲದೆ. ದಿಲ್‌ಶಾದ್ ಉರ್ದು ಸ್ಕೂಲಿನಲ್ಲಿ ಏಳನೇ ಕ್ಲಾಸಿಗೆ ಬಿಟ್ಟು ಹೊಲಿಗೆ ಕಲಿತವಳು. ಕುವೈತಿನಲ್ಲಿದ್ದ ಅವಳ ಅಣ್ಣ ರಜೆಗೆ ಬಂದಾಗ ಒಂದು ಕಂಪ್ಯೂಟರ್ ತಂದ. ಈಗಿನ ಥರದ್ದಲ್ಲ — ಕೀಗಳಿದ್ದ ಒಂದು ದಪ್ಪ ಹಲಗೆ, ಅಷ್ಟೆ. ಅದನ್ನು ಟೀವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಓಡಿಸಿದರೆ ಗೇಮ್ ಒಳಗೆ ಇಳಿಯುತ್ತಿತ್ತು. ಇಳಿಯುವಾಗ ಅದರ ಕಿರುಚಾಟ ಕೇಳಿ ಅವಳ ಅಜ್ಜಿ ದಾದಿಮಾ ಅಡಿಗೆಮನೆಯಿಂದ ಕೂಗುತ್ತಿದ್ದರು: “ಏನ್ ಗೇ ಅದು? ಡಬ್ಬಿ ಒಳ್ಗೆ ಕೋಳಿ ಕುಯ್ತಾವ್ರೇನ್ ಗೇ?”

ಅಣ್ಣ ವಾಪಸ್ ಹೋಗುವಾಗ ಹೇಳಿದ್ದ — ಮುಂದಿನ ರಜೆಗೆ ಬಂದಾಗ ಇದನ್ನು ಅವನ ಹೆಂಡತಿಯ ತಮ್ಮನಿಗೆ ಕೊಡಬೇಕು, ಅಲ್ಲಿವರೆಗೆ ಆಡಿಕೊಳ್ಳಿ ಅಂತ. ಅಂದರೆ ನಮಗೆ ಸಿಕ್ಕಿದ್ದು ಒಂದು ವರ್ಷ. ಅಷ್ಟರಲ್ಲಿ ಗೇಮ್ ಮುಗಿಸಬೇಕು ಅಂತ ದಿಲ್‌ಶಾದ್ ಹಟ ಹಿಡಿದಳು. ಅವಳ ಜೀವನದಲ್ಲಿ ಶುರು ಮಾಡಿ ಕೊನೆ ಮುಟ್ಟಿಸುವಂಥದ್ದು ಯಾವುದನ್ನೂ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಇದನ್ನು ಅವಳೇ ಒಂದು ಸಲ ಹೇಳಿದ್ದಳು, ಸೂಜಿಗೆ ದಾರ ಪೋಣಿಸುತ್ತ, ಬಹಳ ಲೈಟಾಗಿ.

ಗೇಮಿನಲ್ಲಿ ಒಂದು ಹಾಳು ಕೋಟೆ. ಅದರ ಕೆಳಗೆ ಒಂಬತ್ತು ಅಂತಸ್ತು. ತಳದಲ್ಲಿ ಹಿಮದ ದೊರೆ. ಅವನನ್ನು ಬೆಂಕಿಯಿಂದ ಮಾತ್ರ ಕರಗಿಸಬಹುದು. ನಾವು ಇಬ್ಬರು ಮಂತ್ರಗಾತಿಯರನ್ನು ಹುಟ್ಟಿಸಿದೆವು. ಒಬ್ಬೊಬ್ಬರಿಗೆ ಇಪ್ಪತ್ತು ಪಾಯಿಂಟ್ — ಅದನ್ನು ಮೈಕಸುವು, ಬುದ್ಧಿ, ಭಕ್ತಿ ಅಂತ ನಾವೇ ಹಂಚಬೇಕು. ಗೇಮಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕದ, ಅಂದರೆ ಮ್ಯಾನುಯಲ್ಲಿನ, ಟೇಬಲ್ ದಿಲ್‌ಶಾದಳಿಗೆ ಹಿಡಿಸಲಿಲ್ಲ. ಇಪ್ಪತ್ತು ಹುಣಸೆ ಬೀಜ ತಂದು, ಮೂರು ಟೀ ಬಸಿ ಇಟ್ಟು, ಆ ಬಸಿಯಿಂದ ಈ ಬಸಿಗೆ, ಈ ಬಸಿಯಿಂದ ಆ ಬಸಿಗೆ ಹಾಕಿ ತೆಗೆದು — ಅರ್ಧ ದಿನ! ಅವಳ ಮಂತ್ರಗಾತಿ ಗಾಯ ವಾಸಿ ಮಾಡುವವಳು. ಅವಳಿಗೆ ದಾದಿಮಾ ಅಂತಲೇ ಹೆಸರಿಟ್ಟಳು. ನನ್ನವಳು ಗಿರಿಜಾ — ನನ್ನದೇ ಹೆಸರು — ಬೆಂಕಿಯ ಮಂತ್ರದವಳು. ನಾನು ಬೀಜವನ್ನೆಲ್ಲ ಬುದ್ಧಿಯ ಬಸಿಗೇ ಸುರಿದೆ.

“ಮೈಗೆ ಎರಡಾದ್ರೂ ಹಾಕೇ, ಊದಿದ್ರೆ ಬಿದ್ದೋಗ್ತಾಳೆ ನಿನ್ನ ಗಿರಿಜಾ,” ಅಂದಳು. ನಾನು ಕೇಳಲಿಲ್ಲ.

ದಿನಾ ಮಧ್ಯಾಹ್ನ ಮೂರು ಗಂಟೆಗೆ ರಸ್ತೆ ದಾಟಿ ಹೋಗುವುದು. ಕರೆಂಟ್ ಇದ್ದರೆ ಆಟ, ಇಲ್ಲದಿದ್ದರೆ ಬೀಜ ಹಂಚುವುದು, ಮಾತು. ನಾನು ಮ್ಯಾನುಯಲ್ ಓದಿ ಹೇಳುವುದು, ಅವಳು ತಲೆದೂಗುವುದು. ಆ ತಲೆದೂಗುವಿಕೆಗೆ ನಾನು ಎಷ್ಟು ಅಡಿಕ್ಟ್ ಆಗಿದ್ದೆ ಅಂದರೆ — ಇರಲಿ. ಅವಳು ಮಾಡಿಕೊಡುತ್ತಿದ್ದ ಟೀಯ ಏಲಕ್ಕಿ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಒಂದು ದಿನ ದಿಲ್‌ಶಾದ್ ಬಸಿಗಳನ್ನು ಪಕ್ಕಕ್ಕೆ ಸರಿಸಿ ಕೇಳಿದಳು. “ನಮ್ಮ ದಾದಿಮಾ ನೋಡು. ಬೀದಿ ಮಕ್ಕಳಿಗೆಲ್ಲ ಮದ್ದು ಅರೆದು ಕೊಡ್ತಾರೆ. ಬಾಯಿ ಬಿಟ್ರೆ ಬೆಂಕೀನೂ ಉಗುಳ್ತಾರೆ. ಒಬ್ರೇ ಎರಡೂ ಅಲ್ವೇನೇ? ಆಟದ ದಾದಿಮಾನ್ನೂ ಹಂಗೇ ಮಾಡಕ್ಕಾಗಲ್ವಾ? ನೋಡೇ ಪುಸ್ತಕದಲ್ಲಿ.”

ನನಗೆ ಹೊಳೆದಿರಲಿಲ್ಲ. ಬಿ.ಎ. ಮಾಡಿದ ನನಗೆ.

ಹದಿನೆಂಟನೇ ಪುಟದಲ್ಲಿ ಇತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು — ಮೊದಲು ಕಣ್ಣಲ್ಲಿ ಓದು, ಆಮೇಲೆ ಬಾಯಲ್ಲಿ. ಕಣ್ಣಲ್ಲಿ ಓದಿದೆ. ಎಂಟು ಮದ್ದಿನ ಮಂತ್ರ ಕಲಿತವಳು ಬೇಕಾದರೆ ಬೆಂಕಿಯ ಮಂತ್ರವನ್ನೂ ಕಲಿಯಬಹುದು. ಕಸುವು ಅರ್ಧಕ್ಕಿಳಿಯುತ್ತದೆ, ಆದರೆ ಕಲಿತದ್ದು ಯಾವುದೂ ಹೋಗುವುದಿಲ್ಲ. ಅಷ್ಟು ಕ್ಲಿಯರಾಗಿ ಬರೆದಿತ್ತು. ಆಟದ ದಾದಿಮಾಗೆ ಆಗಲೇ ಏಳು ಮಂತ್ರ ಬಂದಿದ್ದವು.

ಆಗ ನನ್ನೊಳಗೆ ಏನಾಯಿತು — ಇದನ್ನು ಸರಿಯಾಗಿ ಹೇಳಬೇಕು. ದಾದಿಮಾ ಎರಡೂ ಕಲಿತರೆ ಗಿರಿಜಾ ಯಾಕೆ ಬೇಕು? ಗಿರಿಜಾ ಬೇಡವಾದರೆ ಮೂರು ಗಂಟೆಗೆ ನಾನು ಯಾಕೆ ಬೇಕು? ಅಷ್ಟೇ ಅಲ್ಲ. ಏಳನೇ ಕ್ಲಾಸಿನವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ — ಅದೂ ಇತ್ತು. ಅದೇ ಜಾಸ್ತಿ ಇತ್ತೇನೋ.

ದಿಲ್‌ಶಾದ್ ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದಳು. “ಬಿ, ಓ, ಟಿ, ಎಚ್. ಏನೇ ಹಂಗಂದ್ರೆ?”

“ಎರಡೂ ಅಂತ.”

ಅವಳ ಮುಖ ಅರಳಿತು. “ಮತ್ತೆ?”

“ಎರಡೂ ಆಗಕ್ಕಾಗಲ್ಲ ಅಂತ ಬರ್ದಿದೆ.”

ಅವಳು ಬೆರಳು ತೆಗೆದಳು. “ಹೋಗ್ಲಿ ಬಿಡು. ಪುಸ್ತಕದಲ್ಲೇ ಇಲ್ಲ ಅಂದ್ಮೇಲೆ ಇಲ್ಲ.”

ಅವಳು ಟೀ ತರಲು ಒಳಗೆ ಹೋದಾಗ ನಾನು ಆ ಹಾಳೆಯನ್ನು ಹರಿದು ಬ್ಲೌಸಿನೊಳಗೆ ಇಟ್ಟುಕೊಂಡೆ. ಅಕ್ಷರ ಕೂಡಿಸಲು ಶುರು ಮಾಡಿದ್ದಳಲ್ಲ — ಇವತ್ತಲ್ಲ ನಾಳೆ ಓದಿಬಿಡುತ್ತಾಳೆ ಅಂತ ಭಯ.

ಅಣ್ಣ ಬರುವ ಹಿಂದಿನ ದಿನ ನಾವು ಒಂಬತ್ತನೇ ಅಂತಸ್ತಿಗೆ ಇಳಿದೆವು. ಹಿಮದ ದೊರೆ ಮೊದಲ ಏಟಿಗೇ ಗಿರಿಜಾಳನ್ನು ಕೊಂದ. ಊದಿದ ಹಾಗೆ. ದಾದಿಮಾ ಒಬ್ಬಳೇ ಉಳಿದಳು. ಅವನು ಹೊಡೆಯುತ್ತಾನೆ, ಇವಳು ಗಾಯ ವಾಸಿ ಮಾಡಿಕೊಳ್ಳುತ್ತಾಳೆ. ಹೊಡೆಯುತ್ತಾನೆ, ವಾಸಿ ಮಾಡಿಕೊಳ್ಳುತ್ತಾಳೆ. ಸಾಯುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಮುಕ್ಕಾಲು ಗಂಟೆ ದಿಲ್‌ಶಾದ್ ಅದೊಂದೇ ಕೀ ಒತ್ತಿದಳು. ಮಂತ್ರವೆಲ್ಲ ಖರ್ಚಾಗಿ ಕಡೆಗೆ ದಾದಿಮಾ ಬಿದ್ದಳು. ನಾನು ಅಳುತ್ತಿದ್ದೆ. ಅವಳು ಅಂದುಕೊಂಡಳು ಸೋತದ್ದಕ್ಕೆ ಅಳುತ್ತಿದ್ದೇನೆ ಅಂತ. ಸೆರಗಿನಿಂದ ನನ್ನ ಮೂಗು ಒರೆಸಿ, “ಏ ಹುಚ್ಚಿ, ಸುಮ್ನಿರೇ. ಆಟ ಕಣೇ,” ಅಂದಳು.

ಮಾರನೇ ದಿನ ಅಣ್ಣ ಎಲ್ಲವನ್ನೂ ಬಾಕ್ಸಿಗೆ ತುಂಬುವಾಗ ಮ್ಯಾನುಯಲ್ ತಿರುವಿ ನೋಡಿ, “ಪುಟ ಎಲ್ಲೇ? ಒಂದು ಪುಸ್ತಕ ನೆಟ್ಟಗೆ ಇಟ್ಕೊಳಕ್ಕೆ ಬರಲ್ಲ ನಿಂಗೆ. ನಿಂಗ್ಯಾಕೆ ಬೇಕಿತ್ತು ಇವೆಲ್ಲ?” ಅಂತ ದಿಲ್‌ಶಾದಳಿಗೆ ಬೈದ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಅಲ್ಲೇ ಇದ್ದೆ. ಬಾಗಿಲಿಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ನನ್ನನ್ನು ಅಜ್ಜಂಪುರಕ್ಕೆ ಕೊಟ್ಟರು, ಅವಳನ್ನು ಕಡೂರಿಗೆ. ಮದುವೆ, ನಾಮಕರಣ, ಬಸ್ ಸ್ಟ್ಯಾಂಡ್ — ಸಿಕ್ಕಾಗಲೆಲ್ಲ ಅವಳದು ಅದೇ ಜೋಕು. “ಮನೇನೂ ನೋಡ್ಕೊ, ಹೊಲಿಗೇನೂ ಮಾಡು ಅಂತಾರೆ ಕಣೇ. ಎರಡೂ ಆಗಕ್ಕಾಗಲ್ಲ ಅಂತ ಪುಸ್ತಕದಲ್ಲೇ ಬರ್ದಿದೆ ಅಂತೀನಿ ನಾನು!” ಅಂತ ಜೋರಾಗಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಪ್ರತಿ ಸಲವೂ ನಕ್ಕೆ. ಹರಿದದ್ದು ಒಂದು ದಿನದ ತಪ್ಪು. ನಕ್ಕದ್ದು ಮೂವತ್ತು ವರ್ಷಕ್ಕೂ ಮೇಲಿನದು.

ನಾನು ಅವಳಿಂದ ಕಿತ್ತುಕೊಂಡದ್ದು ಆಟದ ಗೆಲುವೊಂದನ್ನೇ ಅಲ್ಲ. ಒಂದು ಸರಿಯಾದ ಯೋಚನೆ ಅವಳ ತಲೆಯಲ್ಲೇ ಹುಟ್ಟಿತ್ತು — ಅದು ತಪ್ಪು ಅಂತ ಅವಳು ಇವತ್ತಿಗೂ ನಂಬಿದ್ದಾಳೆ.

ಹಾಳೆ ನನ್ನ ಹಳೇ ಡಿಕ್ಷನರಿಯೊಳಗೆ ಇದೆ. ಹಳದಿಯಾಗಿದೆ, ಒಂದು ಅಂಚು ಹಲ್ಲು ಹಲ್ಲಾಗಿದೆ. ಮಗಳಿಗೆ ಪಾಠ ಹೇಳಿಕೊಡುವ ನೆಪದಲ್ಲಿ ದಿಲ್‌ಶಾದ್ ಇಂಗ್ಲಿಷ್ ಕಲಿತಳಂತೆ. ಈಗ ಪೇಪರ್ ಓದುತ್ತಾಳಂತೆ, ಕನ್ನಡಕ ಹಾಕಿಕೊಂಡು. ಭಾನುವಾರ ಬರುತ್ತೇನೆ ಅಂತ ನಿನ್ನೆ ಫೋನ್ ಮಾಡಿದೆ. “ಏನೇ ವಿಶೇಷ?” ಅಂದಳು. “ಬತ್ತೀನಿ ಇರು,” ಅಂದೆ.

ಈ ಸಲ ನಾನು ಓದಿ ಹೇಳುವುದಿಲ್ಲ. ಹಾಳೆಯನ್ನು ಅವಳ ಕೈಗೆ ಕೊಡುತ್ತೇನೆ. ಎದುರಿಗೆ ಕೂತು, ಅವಳ ಬೆರಳು ಸಾಲಿನ ಕೊನೆ ಮುಟ್ಟುವವರೆಗೆ ಕಾಯುತ್ತೇನೆ.