ಸವತಿ ಹೊಲಿದ ಒರೆ

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವವಳನ್ನು ನೀವು ನೋಡಿರದಿದ್ದರೆ ನನ್ನನ್ನು ನೋಡಿ. ನಾನು ನಮ್ಮ ಯಜಮಾನರಿಗೆ ಎರಡನೆಯ ಹೆಂಡತಿ. ಮೊದಲಿನವಳು ಜ್ವರ ಬಂದು ತೀರಿಕೊಂಡ ಮೇಲೆ ಯಲಬುರ್ಗಾ ಕಡೆಯಿಂದ ಕುಷ್ಟಗಿ ಹತ್ತಿರದ ಈ ಊರಿಗೆ ಬಂದೆ. ಅವಳ ಸೀರೆಗಳನ್ನು ಆಗಲೇ ಹಂಚಿದ್ದರು. ಪಾತ್ರೆಗಳ ಮೇಲೆ ಕೆತ್ತಿದ್ದ ಅವಳ ಹೆಸರನ್ನು ನಾನೇ ಉಜ್ಜಿ ಉಜ್ಜಿ ಸವೆಸಿದೆ. ಉಳಿದದ್ದು ಒಂದೇ, ಯಜಮಾನರ ಸೊಂಟದಲ್ಲಿ ನೇತಾಡುವ ಚೂರಿಯ ಚರ್ಮದ ಒರೆ. ಅದನ್ನು ಅವಳು ಕೈಯಾರೆ ಹೊಲಿದಿದ್ದಳು.

ಅವರು ಕುರಿ ಕಾಯುವವರು. ಸೊಪ್ಪು ಕಡಿಯಲು, ಬೆಳೆದ ಗೊರಸು ಕತ್ತರಿಸಲು ಆ ಚೂರಿ ಬೇಕೇ ಬೇಕು. ಭತ್ತದ ಕೊಯ್ಲಾದ ಮೇಲೆ ಗಂಗಾವತಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಲು ಹೋದರೆ ವಾರಗಟ್ಟಲೆ ಬರುವುದಿಲ್ಲ. ನಾನು ಮನೆಯಲ್ಲಿ, ಅವಳು ಅವರ ಸೊಂಟದಲ್ಲಿ. ಹೇಗೆ ಸಹಿಸಲಿ? ಮೇಲಾಗಿ ನಮ್ಮತ್ತೆ ಆ ಒರೆ ಕಂಡಾಗಲೆಲ್ಲ "ಎಂಥಾ ಕೈಯವ್ವಾ ಆಕೀದು!" ಎನ್ನುತ್ತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ನಾನು ಒಲೆಯ ಕಡೆ ಮುಖ ಮಾಡಿ ಗೊಣಗುತ್ತಿದ್ದೆ. ನನ್ನಿಂದ ಕೌದಿ ಹೊಲಿಸಿಕೊಳ್ಳಲು ಸುತ್ತಲಿನ ಊರವರು ಬರುತ್ತಾರೆ, ಗೊತ್ತಿರಲಿ.

ಈ ವರ್ಷ ಒರೆಯ ತುದಿ ಹರಿದು ಚೂರಿಯ ಮೊನೆ ಅವರ ತೊಡೆಗೆ ಗೀರಿತು. ಅರಿಸಿನ ಹಚ್ಚುತ್ತಾ ನಾನು ಒಳಗೊಳಗೇ ಕುಣಿದೆ.

"ಇದರ ಋಣ ತೀರ್ತು ಬಿಡ್ರಿ. ಹೊಸಾದು ಮಾಡಸೂಣು," ಅಂದೆ.

"ಮಾಡಸು," ಅಂದರು. ಅಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ.

ಕುಷ್ಟಗಿಯಲ್ಲಿ ಚಪ್ಪಲಿ ಹೊಲಿಯುವವನನ್ನು ಕೇಳಿದೆ. "ಹಳೇದು ತಂದು ಕೊಡ್ರಿ ಅಕ್ಕಾರ. ಬಿಚ್ಚಿ ಅಳತಿ ತಗೊಂಡು ಥೇಟ್ ಹಂಗ ಹೊಲದು ಕೊಡ್ತೀನಿ," ಎಂದ. ಬಿಚ್ಚುತ್ತೇನೆ ಎಂದಾಗ ಹಿತವಾಯಿತು. ಥೇಟ್ ಹಾಗೇ ಎಂದಾಗ ಮೈ ಉರಿಯಿತು. ರೊಕ್ಕ ಕೊಟ್ಟು ಅವಳನ್ನೇ ಮತ್ತೆ ಹುಟ್ಟಿಸಿಕೊಂಡು ಬರಬೇಕೇ? ನಾನೇ ಹೊಲಿಯುವುದೆಂದು ಅಲ್ಲೇ ತೀರ್ಮಾನಿಸಿದೆ. ಒಂದು ತುಂಡು ಚರ್ಮ, ದಪ್ಪ ದಾರ, ದಬ್ಬಳ ಕೊಂಡು ಮನೆಗೆ ಬಂದೆ.

ಅಳತೆಯದೇ ತೊಡಕಾಯಿತು. ಈ ಮನೆಯಲ್ಲಿ ಕೆಲಸವಿಲ್ಲದೆ ಚೂರಿಯನ್ನು ಒರೆಯಿಂದ ಹೊರಗೆ ತೆಗೆಯುವಂತಿಲ್ಲ. ಸುಮ್ಮನೆ ತೆಗೆದರೆ ರಕ್ತ ಬೇಡುತ್ತದೆ, ಕುರಿಗಳಿಗೆ ಕೇಡು ಎನ್ನುತ್ತಾರೆ ಅತ್ತೆ. ಅದಕ್ಕೆ ಯಜಮಾನರು ಸ್ನಾನಕ್ಕೆ ಹೋದಾಗ ಗೂಟದಲ್ಲಿದ್ದ ಚೂರಿಯನ್ನು ಒರೆಯ ಸಮೇತ ಇಳಿಸಿ, ನೆನೆಸಿದ ಚರ್ಮವನ್ನು ಅದರ ಮೇಲೇ ಸುತ್ತಿ ಗುರುತು ಹಾಕಿಕೊಂಡೆ. ಹಳೆಯ ಒರೆಯ ದಪ್ಪವನ್ನು ಆಮೇಲೆ ಅಂದಾಜಿನಲ್ಲಿ ಕಳೆದರಾಯಿತು ಎಂದುಕೊಂಡಿದ್ದೆ. ಹೊಲಿಯಲು ಕೂತ ಮೇಲೆ, ಅವಳಿಗಿಂತ ಸಣ್ಣ ಹೊಲಿಗೆ ಹಾಕಬೇಕೆಂಬ ಹಟದಲ್ಲಿ, ಕಳೆಯುವುದೇ ಮರೆತುಹೋಯಿತು. ಬೆರಳು ತೂತಾದರೂ ಹೊಲಿಗೆ ಮಾತ್ರ ಒಂದೂ ತಪ್ಪಲಿಲ್ಲ.

ಗಂಗಾವತಿಗೆ ಹೊರಡುವ ಬೆಳಿಗ್ಗೆ ಹೊಸ ಒರೆಯನ್ನು ಅವರ ಕೈಗಿಟ್ಟೆ. ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ "ಭಾಳ ಛಲೋ ಐತಿ" ಅಂದರು. ಚೂರಿ ಇಳಿಸಿ ಸೊಂಟಕ್ಕೆ ಸಿಕ್ಕಿಸಿದರು. ಚೂರಿ ಒಳಗೆ ಲೊಡಲೊಡ ಅಲುಗಾಡಿ, ಅವರು ಬಗ್ಗಿದ ಕೂಡಲೇ ನೆಲಕ್ಕೆ ಬಿತ್ತು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಜಮಾನರು ನಗಲಿಲ್ಲ. ಚೂರಿಯನ್ನು ಒರೆಸಿ ಹಳೆಯ ಒರೆಗೆ ಸೇರಿಸಿದರು. ಆ ಒರೆಯನ್ನು ನನ್ನ ಒರೆಯೊಳಗೆ ಇಳಿಸಿದರು. ಅದು ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ ಎಂಬಂತೆ ಕೂತಿತು.

"ನೋಡ, ಎಷ್ಟ ಚಂದ ಕೂತೈತಿ! ಇನ್ನ ತೊಡಿಗೆ ಚುಚ್ಚಂಗಿಲ್ಲ," ಎಂದು ಖುಷಿಯಿಂದ ಸೊಂಟಕ್ಕೆ ಕಟ್ಟಿಕೊಂಡು ಹೊರಟರು.

ಈಗ ನೋಡಿದವರಿಗೆಲ್ಲ ಕಾಣುವುದು ನನ್ನ ಹೊಲಿಗೆಯೇ. ಅತ್ತೆ ಕೂಡ ಎರಡು ಮಾತು ಹೊಗಳಿದರು. ಆದರೆ ಮಳೆ, ಮುಳ್ಳು, ಕೆಸರು ಎಲ್ಲ ನನ್ನ ಒರೆಗೆ. ಅವಳದು ಒಳಗೆ ಬೆಚ್ಚಗಿದೆ, ಇನ್ನು ಹರಿಯುವ ಭಯವೂ ಇಲ್ಲ. ಅದನ್ನು ಕಾಯುವ ಏರ್ಪಾಡನ್ನು ನನ್ನ ಕೈಯಾರೆ ನಾನೇ ಮಾಡಿಕೊಟ್ಟೆ.